ಜೇಡ ಆರ್ಕಿಡ್‌ಗಳು ಹಾಗೂ ಅವುಗಳ ನೈಸರ್ಗಿಕ ಮಿಶ್ರತಳಿಗಳನ್ನು ಗುರುತಿಸುವ ಬಗೆ

ಕತ್ರಿಗುಪ್ಪೆಯಂತಹ ಬಡಾವಣೆಗಳ ತಾರಸಿ ತೋಟಗಳಲ್ಲಿ ಆರ್ಕಿಡ್ ಬೆಳೆಸುವವರು ‘ಜೇಡ ಆರ್ಕಿಡ್’ ಎಂಬ ಹೆಸರನ್ನು ನೆಚ್ಚಿ ಗಿಡ ಕೊಳ್ಳಬಾರದು. ಈ ಒಂದು ಹೆಸರು ದೂರದ ಸಂಬಂಧವುಳ್ಳ ಹಲವು ಸಸ್ಯಗಳಿಗೆ ಸಲ್ಲುತ್ತದೆ. ಯುರೋಪಿನ ಓಫ್ರಿಸ್ ಮತ್ತು ಆಸ್ಟ್ರೇಲಿಯಾದ ಕೆಲಡೀನಿಯಾ ನೆಲದೊಳಗಿನ ಗೆಡ್ಡೆಯಿಂದ ಚಿಗುರುತ್ತವೆ. ಆಗ್ನೇಯ ಏಷ್ಯಾದ ಅರಾಕ್ನಿಸ್ ಹಬ್ಬಿ ಬೆಳೆಯುತ್ತದೆ. ನರ್ಸರಿಗಳಲ್ಲಿ ದೊರೆಯುವ ಮೊಕಾರಾ, ಅರಾಂಡಾಗಳು ಅರಾಕ್ನಿಸ್‌ನಿಂದ ಮನುಷ್ಯರು ಪಡೆದ ಮಿಶ್ರತಳಿಗಳೇ ಹೊರತು ಕಾಡಿನವಲ್ಲ. ಸ್ಪೈಡರ್ ಲಿಲ್ಲಿಯಂತೂ ಆರ್ಕಿಡ್ಡೇ ಅಲ್ಲ.

ನೈಸರ್ಗಿಕ ಮಿಶ್ರತಳಿ ಹುಟ್ಟಬೇಕಾದರೆ ಎರಡು ಪ್ರಭೇದಗಳು ಒಂದೇ ಪ್ರದೇಶದಲ್ಲಿ, ಒಂದೇ ಕಾಲದಲ್ಲಿ ಅರಳಬೇಕು. ಒಂದೇ ಕೀಟ ಎರಡನ್ನೂ ಮುಟ್ಟಬೇಕು. ಓಫ್ರಿಸ್ ಹೂವು ಹೆಣ್ಣು ಕೀಟದ ವಾಸನೆಯನ್ನು ಅನುಕರಿಸಿ ಗಂಡನ್ನು ವಂಚಿಸುತ್ತದೆ. ಪ್ರತಿ ಪ್ರಭೇದವೂ ಬಹುಮಟ್ಟಿಗೆ ತನ್ನದೇ ಕೀಟವನ್ನು ಸೆಳೆಯುವುದರಿಂದ ಬೆರಕೆ ವಿರಳ. ಕೀಟ ತಪ್ಪಿದಾಗ ಮಾತ್ರ ಆಗುತ್ತದೆ. ಮಿಶ್ರತಳಿಯ ತುಟಿದಳದ ಆಕಾರ, ಗಾತ್ರ, ಗುರುತುಗಳು ಸಾಮಾನ್ಯವಾಗಿ ತಾಯಿತಂದೆಗಳ ನಡುವೆ ನಿಲ್ಲುತ್ತವೆ. ಆದುದರಿಂದ ಹೂವಿಗಿಂತ ಮೊದಲು ಸುತ್ತಮುತ್ತ ಎರಡೂ ಮೂಲಪ್ರಭೇದಗಳಿವೆಯೇ ಎಂದು ನೋಡುವುದು ಉತ್ತಮ. ಆಗಲೂ ಸಂದೇಹ ಉಳಿಯಬಹುದು: ಸಿಂಗಪುರದಲ್ಲಿ 1893ರಲ್ಲಿ ವರ್ಣಿತವಾದ ವ್ಯಾಂಡಾ ಮಿಸ್ ಜೋಕಿಮ್ ತಾನಾಗಿ ಹುಟ್ಟಿತೋ, ಬೇಕೆಂದೇ ಮಾಡಿದ ಸಂಕರವೋ ಎಂಬ ಚರ್ಚೆ ದೀರ್ಘಕಾಲ ನಡೆದಿದೆ.

ನಮ್ಮ ನಾಡಿನ ಮರಗಳ ಮೇಲೆ ಕಾಣುವ ವ್ಯಾಂಡಾ ಟೆಸೆಲೇಟಾ ಈ ವಿಷಯದಲ್ಲಿ ಒಳ್ಳೆಯ ಪಾಠ. ಇದರ ಹೂವಿನ ಬಣ್ಣ ಹಸಿರುಮಿಶ್ರಿತ ಹಳದಿಯಿಂದ ಕಂದಿನವರೆಗೆ ಬದಲಾಗುತ್ತದೆ; ಮೇಲೆ ಬಲೆಯಂತಹ ಗೆರೆಗಳು, ಹಿಂಬದಿ ಬಿಳುಪು, ತುಟಿ ನೀಲಿನೇರಳೆ. ಬಣ್ಣ ಬೇರೆಯಾಯಿತೆಂದು ಮಿಶ್ರತಳಿಯೆನ್ನಲಾಗದು. ವ್ಯಾಂಡಾ ಟೆಸ್ಟೇಸಿಯಾದ ಹೂವು ಇದಕ್ಕಿಂತ ಬಹಳ ಚಿಕ್ಕದು, ಹಳದಿ.

ಇದನ್ನು ಬಂದಳಿಕೆಯೆಂದು ತಿಳಿದು ಕಿತ್ತೆಸೆಯುವ ತಪ್ಪೂ ಉಂಟು. ಬಂದಳಿಕೆಯ ಬೇರು ಕೊಂಬೆಯೊಳಗೆ ಇಳಿದು ಮರದ ರಸವನ್ನು ಹೀರುತ್ತದೆ. ಆರ್ಕಿಡ್ಡಿನ ಬೂದುಬಿಳಿ ಬೇರು ತೊಗಟೆಯ ಮೇಲಷ್ಟೇ ಅಂಟಿರುತ್ತದೆ, ನೀರು ಸೋಕಿದರೆ ಹಸಿರಾಗುತ್ತದೆ. ಮರಕ್ಕೆ ಅದರಿಂದ ಕೇಡಿಲ್ಲ.

‘ಕಾಡಿನ ಅಪರೂಪದ ಮಿಶ್ರತಳಿ’ ಎಂದು ಮಾರುವ ಗಿಡವನ್ನು ಕೊಳ್ಳದಿರುವುದೇ ಲೇಸು. ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿ ಆರ್ಕಿಡ್ ಕುಟುಂಬವೆಲ್ಲವೂ ಸೇರಿದ್ದು, ಕಾಡಿನಿಂದ ಕಿತ್ತ ಒಂದೊಂದು ಗಿಡವೂ ಮುಂದಿನ ಬೀಜಗಳ ನಷ್ಟ. ಗುರುತಿಸಲು ಗಿಡವನ್ನು ಕೀಳಬೇಕಿಲ್ಲ: ಹೂವಿನ ಮುಂಭಾಗ, ಪಾರ್ಶ್ವ, ತುಟಿದಳ, ಎಲೆಯ ತುದಿ, ಬೇರು ಇವುಗಳ ಚಿತ್ರಗಳನ್ನು ದಿನಾಂಕ ಮತ್ತು ಆಶ್ರಯಮರದ ಹೆಸರಿನೊಡನೆ ತಜ್ಞರಿಗೆ ತೋರಿಸಬಹುದು.