ದುರ್ಗದ ಕಲ್ಲು ಹೇಳುವ ಲೆಕ್ಕ

ಚಿತ್ರದುರ್ಗದಿಂದ ಬೆಳಿಗ್ಗೆ ಹಿರಿಯೂರು ಬಸ್ಸು ಹತ್ತಿದವರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ಅದೇ ಆ ದಿನದ ಪುಣ್ಯ. ಕಂಡಕ್ಟರು ಚಿಲ್ಲರೆಗಾಗಿ ಗೊಣಗುತ್ತಾನೆ, ತರಕಾರಿ ಬುಟ್ಟಿಯವಳು ಕಾಲಿಡಲು ಜಾಗ ಹುಡುಕುತ್ತಾಳೆ, ಐಮಂಗಲ ಬರುವ ಹೊತ್ತಿಗೆ ಅರ್ಧ ಬಸ್ಸು ತೂಕಡಿಸುತ್ತಿರುತ್ತದೆ. ಇದೆಲ್ಲ ಒಂದಾನೊಂದು ಕಾಲಕ್ಕೆ ನೀರಿನ ತಳವಾಗಿತ್ತು ಎಂದು ಆಗ ಯಾರಾದರೂ ಹೇಳಿದರೆ ಪಕ್ಕದ ಸೀಟಿನವರು ನಕ್ಕುಬಿಟ್ಟಾರು. "ಕುಡಿಯೋಕೇ ನೀರಿಲ್ಲದ ಸೀಮೆ ಇದು, ಸಮುದ್ರ ಎಲ್ಲಿಂದ ಬಂತು ಸ್ವಾಮಿ?" ಅಂದಾರು.

ಆದರೆ ಮಾತು ಸುಳ್ಳಲ್ಲ. ಐಮಂಗಲಕ್ಕೆ ಹತ್ತಿರದ ಮರಡಿಹಳ್ಳಿಯಲ್ಲಿ ಒಂದು ವಿಚಿತ್ರ ಕಲ್ಲಿದೆ. ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುವ ಕಪ್ಪು-ಹಸಿರು ಬಂಡೆ. ಭೂಮಿಯೊಳಗಿನ ಬೆಂಕಿರಸ, ಅಂದರೆ ಲಾವಾ, ನೀರಿನ ತಳದಲ್ಲಿ ಉಕ್ಕಿದಾಗ ಮಾತ್ರ ಈ ಆಕಾರ ಬರುತ್ತದೆ. ತಣ್ಣೀರು ತಾಗಿದ ಕೂಡಲೇ ಮೇಲಿನ ಸಿಪ್ಪೆ ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಕುದಿಯುತ್ತಿರುತ್ತದೆ, ಸಿಪ್ಪೆ ಒಡೆದು ಮತ್ತೊಂದು ಗುಳ್ಳೆ ಹೊರಬರುತ್ತದೆ. ಹೀಗೆ ದಿಂಬಿನ ಮೇಲೆ ದಿಂಬು. ಬಯಲಿನ ಗಾಳಿಯಲ್ಲಿ ಹರಿದ ಲಾವಾ ಹೀಗೆ ಕೂರುವುದಿಲ್ಲ. ಆ ಕಲ್ಲಿನ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಗದಗಿನ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ನಾನೂರು ಕಿಲೋಮೀಟರಿಗೂ ಉದ್ದಕ್ಕೆ ಹಬ್ಬಿರುವ ಹಳೆಯ ಕಲ್ಲಿನ ಪಟ್ಟಿಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರೇ ಚಿತ್ರದುರ್ಗದ್ದು. ಊರಿನ ಹೆಸರು ದೇಶ-ವಿದೇಶದ ಪುಸ್ತಕಗಳಲ್ಲಿದೆ. ಊರಿನವರಿಗೇ ಗೊತ್ತಿಲ್ಲ.

ಕಲ್ಲಿನ ಕಥೆ ಕಟ್ಟಿಕೊಂಡು ವ್ಯಾಪಾರಸ್ಥರಿಗೆ ಏನಾಗಬೇಕು ಎನ್ನಬಹುದು. ಆಗಬೇಕಾದ್ದು ಬಹಳ ಇದೆ. ಈ ಊರು ಇಲ್ಲೇ ಏಕೆ ಹುಟ್ಟಿತು, ಬರಗಾಲದಲ್ಲೂ ಹೇಗೆ ಉಳಿಯಿತು, ಇವತ್ತು ಬೋರ್‌ವೆಲ್ ನೀರು ಕುಡಿದವರ ಹಲ್ಲು ಏಕೆ ಕಂದುತ್ತಿದೆ, ಇದಕ್ಕೆಲ್ಲ ಉತ್ತರ ಇರುವುದು ಕಾಲಡಿಯಲ್ಲೇ.

ಓಬವ್ವನ ಕಿಂಡಿ ಹೇಗಾಯ್ತು?

ಕೋಟೆಯ ಬಂಡೆ ಮರಡಿಹಳ್ಳಿಯ ಕಲ್ಲಿನ ಜಾತಿಯದಲ್ಲ. ಅದು ಗ್ರಾನೈಟು. ಲಾವಾ ಹರಿದು ಎಷ್ಟೋ ಕಾಲದ ಮೇಲೆ, ಸುಮಾರು 260 ಕೋಟಿ ವರ್ಷಗಳ ಹಿಂದೆ, ಕರಗಿದ ಕಲ್ಲು ಕೆಳಗಿನಿಂದ ಹಳೆಯ ಕಲ್ಲಿನೊಳಕ್ಕೆ ನುಗ್ಗಿ, ನೆಲದಡಿಯ ಆಳದಲ್ಲೇ ನಿಧಾನವಾಗಿ ಆರಿ ಗ್ರಾನೈಟಾಯಿತು. ಮೇಲಿದ್ದ ಮಣ್ಣು-ಕಲ್ಲೆಲ್ಲ ಕೋಟ್ಯಂತರ ವರ್ಷ ಮಳೆ-ಗಾಳಿಗೆ ಸವೆದು ಹೋಯಿತು. ತಲೆಯ ಮೇಲಿನ ಹೊರೆ ಇಳಿದಾಗ ಕೂಲಿಯಾಳು ಮೈ ಸಡಿಲಿಸುವ ಹಾಗೆ, ಭಾರ ಇಳಿದ ಬಂಡೆಯೂ ಹಿಗ್ಗಿತು, ಹಿಗ್ಗಿ ಸೀಳಿತು. ಕೆಲವು ಸೀಳು ನೆಟ್ಟಗೆ, ಕೆಲವು ಅಡ್ಡಕ್ಕೆ. ಆ ಸೀಳುಗಳಲ್ಲಿ ನೀರು ಇಳಿದು ಅಂಚುಗಳನ್ನು ತಿಂದು ಹಾಕಿತು. ಮೂಲೆಗಳು ಕರಗಿ ಬಂಡೆಗಳು ಗುಂಡಗಾದವು. ಕೋಟೆಯ ಮೇಲೆ ಒಂದರ ಮೇಲೊಂದು ಕೂತಿರುವ ಹೆಬ್ಬಂಡೆಗಳನ್ನು ಯಾವ ರಾಕ್ಷಸನೂ ತಂದು ಇಟ್ಟಿದ್ದಲ್ಲ. ಅವು ಎಲ್ಲಿದ್ದವೋ ಅಲ್ಲೇ ಇವೆ, ಸುತ್ತಲಿನದು ಹೋಗಿದೆ ಅಷ್ಟೆ.

ಒನಕೆ ಓಬವ್ವನ ಕಿಂಡಿಯೂ ಇಂಥದೇ ಬಂಡೆಗಳ ನಡುವಿನ ಸಂದು. 1972ರ 'ನಾಗರಹಾವು' ಚಿತ್ರದಲ್ಲಿ ಆ ಕಥೆ ನೋಡಿ ಚಪ್ಪಾಳೆ ತಟ್ಟದವರಿಲ್ಲ. ಗಂಡ ಊಟಕ್ಕೆ ಕೂತಿದ್ದ, ಆಕೆ ನೀರಿಗೆ ಬಂದಳು, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುವುದನ್ನು ಕಂಡಳು, ಒನಕೆ ಎತ್ತಿದಳು. ಈ ಕಥೆಯಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಒಬ್ಬೊಬ್ಬರೇ ಬರುವಷ್ಟು ಇಕ್ಕಟ್ಟಾದ ಆ ಸಂದು. ಇನ್ನೊಂದು, ಗುಡ್ಡದ ಮೇಲೆ ಆಕೆಗೆ ಸಿಗುತ್ತಿದ್ದ ಕುಡಿಯುವ ನೀರು. ಎರಡನ್ನೂ ಕೊಟ್ಟಿದ್ದು ಈ ಗ್ರಾನೈಟೇ.

ನಾಯಕರ ಕಾಲದ ಒಡ್ಡರು, ಕಲ್ಲುಕುಟಿಗರು ಯಾವ ಕಾಲೇಜಿಗೂ ಹೋದವರಲ್ಲ. ಆದರೆ ಕಲ್ಲಿನ ನಡತೆ ಅವರಿಗೆ ಗೊತ್ತಿತ್ತು. ಎಲ್ಲಿ ಉಳಿ ಇಟ್ಟರೆ ಬಂಡೆ ಗೆರೆ ಹಿಡಿದು ಸೀಳುತ್ತದೆ, ಎಲ್ಲಿ ಹಠ ಮಾಡುತ್ತದೆ, ಎಲ್ಲ ತಿಳಿದಿತ್ತು. ಎರಡು ಬಂಡೆಯ ನಡುವೆ ಎಲ್ಲಿ ಸಂದಿದೆಯೋ ಅಲ್ಲಿಗಷ್ಟೇ ಗೋಡೆ ಹಾಕಿದರು, ಉಳಿದ ಕಡೆ ಬಂಡೆಯೇ ಗೋಡೆ. ಅರ್ಧ ಕೋಟೆಯನ್ನು ಪುಗಸಟ್ಟೆಯಾಗಿ ಕಟ್ಟಿಸಿಕೊಂಡ ಜಾಣತನ ಅದು. 1779ರಲ್ಲಿ ದುರ್ಗ ಹೈದರಾಲಿಯ ಕೈಗೆ ಬಿತ್ತು, ನಿಜ. ಕಲ್ಲು ಸೋತು ಬಿದ್ದದ್ದಲ್ಲ.

ಹೊಂಡದಿಂದ ಹೊಂಡಕ್ಕೆ

ಈ ಸೀಮೆಯ ಮಳೆ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು. ಮಲೆನಾಡಿನವರು ಕೇಳಿದರೆ ಇದೂ ಒಂದು ಮಳೆಯೇ ಎಂದಾರು. ಆದರೆ ಬರಿ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಜಾರುತ್ತದೆ. ಜಾರಿದ ನೀರನ್ನು ಹಿಡಿದವನು ಬದುಕಿದ. ಗುಡ್ಡದ ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ-ತಂಗಿ ಹೊಂಡ, ಅಲ್ಲಿಂದ ಇಳಿದರೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಪಂಪಿಲ್ಲ, ಕರೆಂಟಿಲ್ಲ, ಬಿಲ್ಲೂ ಇಲ್ಲ. ಇಳಿಜಾರು ನೋಡಿ ಕಟ್ಟಿದ ವ್ಯವಸ್ಥೆ. ಸೀಳಿಲ್ಲದ ಗ್ರಾನೈಟು ನೀರು ಸೋರಗೊಡುವುದಿಲ್ಲ, ಹಾಗಾಗಿ ಗುಡ್ಡದ ಮೇಲೆ ನೀರು ನಿಲ್ಲುತ್ತದೆ. ಕೆಳಗೆ ಪೇಟೆಯ ಕಡೆ ಕಲ್ಲು ಕೊಳೆತು ಮೊರಂ ಆಗಿರುವ ಕಡೆ ಅದೇ ನೀರು ನೆಲಕ್ಕಿಳಿಯುತ್ತದೆ, ಬಾವಿಗಳಿಗೆ ಜೀವ ಬರುತ್ತದೆ.

ಇಷ್ಟು ತಿಳಿದ ಮೇಲೆ ಕೋಟೆಗೆ ಬಂದ ಪರವೂರಿನವರಿಗೆ ಹೊಂಡ ತೋರಿಸಿ "ಇದು ರಾಣಿಯರ ಸ್ನಾನಕ್ಕೆ" ಎಂದು ಹೇಳಿ ಮುಗಿಸುವುದು ತಪ್ಪಾಗುತ್ತದೆ. ಅದು ಊರಿನ ನೀರಿನ ಖಜಾನೆ.

ಮಣ್ಣಿನ ಪದರ, ಖಾತೆಯ ಹಾಳೆ

ಅಂಗಡಿಯವರಿಗೆ ಒಂದು ಮಾತು ಬೇಗ ಅರ್ಥವಾಗುತ್ತದೆ. ಬಿಲ್ಲು ಚುಚ್ಚುವ ತಂತಿಯಲ್ಲಿ ಕೆಳಗಿರುವುದು ಹಳೆಯ ಬಿಲ್ಲು, ಮೇಲಿರುವುದು ಇವತ್ತಿನದು. ನೆಲವೂ ಹಾಗೆಯೇ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಈ ನಿಯಮವನ್ನು ಮೊದಲು ಕಂಡುಕೊಂಡವರು ಕಲ್ಲು ಓದುವ ಭೂವಿಜ್ಞಾನಿಗಳು. ಊರು ಅಗೆಯುವವರು ಅವರಿಂದ ಕಲಿತರು.

1947ರಲ್ಲಿ ಮಾರ್ಟಿಮರ್ ವೀಲರ್ ಇದೇ ಜಿಲ್ಲೆಯಲ್ಲಿ ಎರಡು ಕಡೆ ಅಗೆಸಿದರು. ಒಂದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಅಶೋಕನ ಶಾಸನ ಸಿಕ್ಕ ಜಾಗ. ಇನ್ನೊಂದು ದುರ್ಗದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿ. ಬ್ರಹ್ಮಗಿರಿಯಲ್ಲಿ ತಳದ ಪದರದಲ್ಲಿ ಕಪ್ಪು ಕಲ್ಲಿನ ನುಣುಪಾದ ಕೊಡಲಿಗಳು, ಅದರ ಮೇಲೆ ಕಬ್ಬಿಣ ಬಲ್ಲವರು, ದೊಡ್ಡ ಕಲ್ಲಿನ ಗೋರಿ ಕಟ್ಟಿದವರು, ಎಲ್ಲಕ್ಕೂ ಮೇಲೆ ಶಾತವಾಹನರ ಕಾಲದ ಮಡಕೆ. ಪದರ ಕಲಸದಂತೆ ಒಂದೊಂದೇ ತೆಗೆದದ್ದರಿಂದ ಯಾರು ಮೊದಲು, ಯಾರು ಆಮೇಲೆ ಎನ್ನುವುದು ಗೊತ್ತಾಯಿತು.

ವರುಷ ಯಾವುದು ಎನ್ನುವುದಕ್ಕೆ ಬೇರೆ ದಾರಿ ಹಿಡಿದರು. ಪಾಂಡಿಚೇರಿ ಹತ್ತಿರದ ಅರಿಕಮೇಡಿನಲ್ಲಿ 1945ರಲ್ಲಿ ರೋಮಿನ ಸರಕಿನ ಜೊತೆಗೆ ಒಂದು ಬಗೆಯ ಚುಕ್ಕೆಸಾಲಿನ ಮಡಕೆ ಸಿಕ್ಕಿತ್ತು. ರೋಮಿನ ಸರಕಿನ ಕಾಲ ಗೊತ್ತಿತ್ತು. ಅದೇ ಚುಕ್ಕೆಸಾಲಿನ ಮಡಕೆ ಇಲ್ಲಿಯ ಪದರದಲ್ಲೂ ಬಂದಾಗ ಇಲ್ಲಿಯ ಕಾಲವೂ ಸಿಕ್ಕಿತು. ಚಂದ್ರವಳ್ಳಿಯಲ್ಲಂತೂ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೇ ಸಿಕ್ಕಿತು. ಎರಡು ಸಾವಿರ ವರ್ಷದ ಹಿಂದೆಯೇ ಇಲ್ಲಿಯ ಪೇಟೆಗೆ ಹೊರದೇಶದ ದುಡ್ಡು ಬರುತ್ತಿತ್ತು ಎಂದಾಯಿತು.

ಅಲ್ಲಿ ಪೇಟೆ ಏಕೆ ಕೂತಿತು? ಮೂರು ಗುಡ್ಡದ ನಡುವಿನ ತಗ್ಗು, ಮೂರೂ ಕಡೆಯ ನೀರು ಬಂದು ಸೇರುವ ಜಾಗ. ಅಲ್ಲಿಯ ಬಂಡೆಯ ಮೇಲೆ ನಾಲ್ಕನೆಯ ಶತಮಾನದ ಕದಂಬ ಮಯೂರಶರ್ಮನ ಶಾಸನವಿದೆ. ಅದು ಹೇಳುವುದು ಯುದ್ಧದ ಮಾತು ಮಾತ್ರವಲ್ಲ, ಕೆರೆಯ ಮಾತು. ಊರಿನ ಅತಿ ಹಳೆಯ ದಾಖಲೆಯೇ ನೀರಿನ ದಾಖಲೆ.

ಬೋರಿನ ನೀರಿನ ಕಥೆ

ಈಗ ಇವತ್ತಿಗೆ ಬರೋಣ. ಊರಿಗೆ ಶಾಂತಿಸಾಗರದಿಂದಲೂ ವಾಣಿವಿಲಾಸ ಸಾಗರದಿಂದಲೂ ನೀರು ಬರುತ್ತದೆ. 1907ರಲ್ಲಿ ಮುಗಿದ ಈ ಮಾರಿಕಣಿವೆ ಅಣೆಕಟ್ಟೂ ಕಲ್ಲಿನ ಕೃಪೆಯೇ. ಗಟ್ಟಿ ಕಲ್ಲಿನ ಗುಡ್ಡದ ಸಾಲನ್ನು ವೇದಾವತಿ ಕೊರೆದುಕೊಂಡು ಹೋದ ಇಕ್ಕಟ್ಟಿನ ಬಾಯಿಗೆ ಕಟ್ಟಿದ್ದು. ಆದರೆ 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಅಜ್ಜ ಕಂಡದ್ದನ್ನು ಮೊಮ್ಮಗ ಕಾಣಬೇಕಾಯಿತು.

ನಡುವಿನ ಬರದ ವರ್ಷಗಳಲ್ಲಿ ಎಲ್ಲರೂ ಬೋರು ಕೊರೆಸಿದರು. ಗ್ರಾನೈಟಿನಲ್ಲಿ ಮರಳಿನ ಹಾಗೆ ಎಲ್ಲ ಕಡೆ ನೀರಿರುವುದಿಲ್ಲ. ಮೇಲಿನ ಮೊರಂನಲ್ಲಿ ಒಂದಿಷ್ಟು, ಕೆಳಗಿನ ಸೀಳುಗಳಲ್ಲಿ ಒಂದಿಷ್ಟು. ಪಕ್ಕದ ಮನೆಗೆ ನೀರು ಬಿದ್ದು ಈ ಮನೆಗೆ ಬರೀ ಧೂಳು ಬಂದರೆ ಅದು ಹಣೆಬರಹವಲ್ಲ, ಸೀಳು ಆ ಕಡೆ ಹೋಗಿದೆ. ಮೇಲಿನ ನೀರು ಮುಗಿದಂತೆ ಜನ ಆಳಕ್ಕೆ ಹೋದರು. ಆಳದ ನೀರು ಕಲ್ಲಿನ ಜೊತೆ ಬಹಳ ಕಾಲ ಇದ್ದ ನೀರು. ಕಲ್ಲಿನಲ್ಲಿರುವ ಫ್ಲೋರೈಡು ಅದರಲ್ಲಿ ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರು ಈ ಗೆರೆ ದಾಟಿವೆ. ಮಕ್ಕಳ ಹಲ್ಲು ಕಂದುವುದು, ದೊಡ್ಡವರ ಕೀಲು ಹಿಡಿಯುವುದು, ಬೆನ್ನು ಬಾಗುವುದು ಇದರಿಂದಲೇ.

"ಕಾಯಿಸಿ ಕುಡೀತೀವಿ ಬಿಡ್ರಿ" ಎನ್ನುವವರಿದ್ದಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚೇ ಆಗುತ್ತದೆ. ಹೊಸ ಬೋರಿನ ನೀರನ್ನು ಕುಡಿಯುವ ಮೊದಲು ಪರೀಕ್ಷೆ ಮಾಡಿಸುವುದು ಒಂದು ದಾರಿ. ಇನ್ನೊಂದು ದಾರಿ ಮಳೆನೀರು. ಮುಗಿಲಿನಿಂದ ಬಂದ ನೀರಿಗೆ ಕಲ್ಲಿನ ಸಹವಾಸ ಇರುವುದಿಲ್ಲ, ಫ್ಲೋರೈಡೂ ಇಲ್ಲವೆನ್ನುವಷ್ಟು ಕಡಮೆ. ಮಹಡಿಯ ನೀರು ತೊಟ್ಟಿಗೆ ಬಿದ್ದರೆ ಕುಡಿಯಲು ಆಯಿತು, ಇಂಗುಗುಂಡಿಗೆ ಬಿದ್ದರೆ ಮೊರಂ ತುಂಬಿತು.

ದುರ್ಗದ ಹಳಬರು ಮಾಡಿದ್ದೂ ಇದನ್ನೇ. ಬಿದ್ದ ಮಳೆಯನ್ನು ಮೇಲಿನಿಂದಲೇ ಹಿಡಿಯುತ್ತ ಬಂದರು, ಕೆಳಗಿನ ಕಲ್ಲಿಗೆ ಕೈ ಹಾಕಲಿಲ್ಲ. ಹೊಂಡಕ್ಕೆ ಬರುವ ಕಾಲುವೆಗೆ ಅಡ್ಡ ಒಂದು ಮಳಿಗೆ ಎದ್ದರೆ, ಒಂದು ಲೋಡು ಕಸ ಬಿದ್ದರೆ, ಮುಚ್ಚಿಹೋಗುವುದು ಬರಿಯ ಚರಂಡಿಯಲ್ಲ. ಮುಂದಿನ ಮಳೆಗೆ ಆ ನೀರು ಅಂಗಡಿಯ ಮೆಟ್ಟಿಲು ಹತ್ತುತ್ತದೆ, ಬೇಸಿಗೆಗೆ ಅದೇ ಅಂಗಡಿಯವನು ಟ್ಯಾಂಕರಿಗೆ ದುಡ್ಡು ಎಣಿಸುತ್ತಾನೆ.

ಸಂಜೆ ಕೊನೆಯ ಬಸ್ಸಿಗೆ ಹಿರಿಯೂರಿನಿಂದ ವಾಪಸು ಬರುವವರಿಗೆ ದೂರದಿಂದಲೇ ಕೋಟೆಯ ಬಂಡೆ ಕಾಣುತ್ತದೆ. ಒಂದು ಹದ ಮಳೆ ಬಿದ್ದ ಮಾರನೆಯ ದಿನ ಪುರಸೊತ್ತಿದ್ದರೆ ಮೇಲೆ ಹತ್ತಿ, ಹೊಂಡದಿಂದ ಹೊಂಡಕ್ಕೆ ನೀರು ಎಲ್ಲಿಯವರೆಗೆ ಇಳಿಯುತ್ತದೆ, ಎಲ್ಲಿ ನಿಂತುಹೋಗಿದೆ ಎಂದು ನೋಡಿ ಬರಬಹುದು. ನಿಂತ ಜಾಗ ಯಾವುದೆಂದು ತಿಳಿದರೆ ನಗರಸಭೆಯ ಸದಸ್ಯರನ್ನು ಕೇಳಲು ಒಂದು ಪ್ರಶ್ನೆ ಸಿಕ್ಕಂತಾಗುತ್ತದೆ.