ಮೇಘಕ್ಕೇರಿದ ಅಂಚೆ, ತೆರೆಯದ ಬಾಗಿಲು

ಬೆಳ್ತಂಗಡಿಯವರಿಗೆ ಮೇಘವೆಂದರೆ ಘಟ್ಟದ ನೆತ್ತಿಗೆ ಕವಿದು ನಿಲ್ಲುವ ಮಳೆಮೋಡ. ಗಣಕಶಾಸ್ತ್ರದ ಮೇಘ, ಅರ್ಥಾತ್ ಕ್ಲೌಡ್, ಬೇರೆಯೇ. ದೂರದ ಕಟ್ಟಡಗಳಲ್ಲಿ ಸಾಲಾಗಿ ನಿಂತು ಹಲವರಿಗಾಗಿ ದುಡಿಯುವ ಯಂತ್ರಗಳಿಗೆ ಆ ಹೆಸರು. ಕಛೇರಿಗಳ ಇ-ಮೇಲ್ ಖಾತೆಗಳು ಈಗ ಅಲ್ಲಿಗೆ ವಲಸೆ ಹೋಗುತ್ತಿವೆ. ಕೇಂದ್ರ ಸರಕಾರವೇ 2025ರ ವೇಳೆಗೆ ಸುಮಾರು 12 ಲಕ್ಷ ನೌಕರರ ಖಾತೆಗಳನ್ನು ಜೋಹೋ ಎಂಬ ಭಾರತೀಯ ಸಂಸ್ಥೆ ರೂಪಿಸಿದ ವ್ಯವಸ್ಥೆಗೆ ಬದಲಾಯಿಸಿತು. ವಿಳಾಸಗಳು ಮಾತ್ರ ಮೊದಲಿನವೇ.

ವಿಳಾಸ ಹಳೆಯದು, ಮನೆ ಹೊಸದು. ತೊಡಕು ಹುಟ್ಟುವುದು ಇಲ್ಲಿ. ಬೆಳ್ತಂಗಡಿಯ ಒಂದು ಕಛೇರಿಯನ್ನು ಊಹಿಸಿಕೊಳ್ಳೋಣ. ವಿದ್ಯಾರ್ಥಿವೇತನದ ಪಟ್ಟಿ ಕಳುಹಿಸಲು ಅದೇ ಕಡೆಯ ದಿನ. ಗುಮಾಸ್ತರು ಸರಿಯಾದ ಪಾಸ್‌ವರ್ಡನ್ನೇ ಒತ್ತುತ್ತಾರೆ, ಖಾತೆ ತೆರೆಯದು. ಅವರು ಪಾಸ್‌ವರ್ಡನ್ನು ಬದಲಿಸುತ್ತಾರೆ. ಆದರೆ ಕಿಸೆಯಲ್ಲಿರುವ ಫೋನು ಹಳೆಯ ಪಾಸ್‌ವರ್ಡನ್ನೇ ಹಿಡಿದು ಮತ್ತೆ ಮತ್ತೆ ಬಾಗಿಲು ತಟ್ಟುತ್ತಿರುತ್ತದೆ! ಕಳ್ಳನಿರಬೇಕೆಂದು ಶಂಕಿಸಿ ಮೇಘವು ಖಾತೆಯನ್ನೇ ಮುಚ್ಚಿಬಿಡಬಹುದು. ಆದುದರಿಂದ ಮೊದಲು ಫೋನಿನ ಅಂಚೆಯನ್ನು ನಿಲ್ಲಿಸಿ, ಬಳಿಕ ಬ್ರೌಸರಿನ ಮೂಲಕ ಒಳಹೋಗಲು ಯತ್ನಿಸಬೇಕು. ಅಲ್ಲಿ ತೆರೆದರೆ ಖಾತೆ ನಿರ್ದೋಷಿ; ಅಂಚೆ ಓದುವ ತಂತ್ರಾಂಶದಲ್ಲಿ ಹಳೆಯ ಸರ್ವರಿನ ಹೆಸರೋ ಹಳೆಯ ಪಾಸ್‌ವರ್ಡೋ ಉಳಿದಿರಬೇಕು.

ಅಲ್ಲಿಯೂ ತೆರೆಯದಿದ್ದರೆ ಗಡಿಯಾರವನ್ನು ನೋಡಿರಿ. ಗಡಿಯಾರಕ್ಕೂ ಬಾಗಿಲಿಗೂ ಏನು ಸಂಬಂಧವೆಂದು ಕೇಳುವಿರೇನು? ಮೇಘದ ಖಾತೆಗಳು ಪಾಸ್‌ವರ್ಡಿನ ಜೊತೆಗೆ, ಫೋನಿನಲ್ಲಿ ಮೂಡುವ ಆರು ಅಂಕೆಗಳ ಸಂಖ್ಯೆಯೊಂದನ್ನೂ ಕೇಳುವುದುಂಟು. ಇದಕ್ಕೆ ಬಳಸುವ ವಿಧಾನ 2011ರಲ್ಲಿ ಪ್ರಮಾಣೀಕೃತವಾಯಿತು. ಫೋನಿಗೂ ಮೇಘಕ್ಕೂ ಒಂದೇ ರಹಸ್ಯ ತಿಳಿದಿರುತ್ತದೆ. 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಈವರೆಗೆ ಎಷ್ಟು ಅರೆನಿಮಿಷಗಳು ಕಳೆದುವೆಂದು ಎರಡೂ ಬೇರೆ ಬೇರೆಯಾಗಿ ಎಣಿಸಿ, ಆ ಎಣಿಕೆಯನ್ನು ರಹಸ್ಯದೊಡನೆ ಬೆರೆಸಿ ಸಂಖ್ಯೆಯನ್ನು ಪಡೆಯುತ್ತವೆ. ಎಣಿಕೆ ಹೊಂದಿದರೆ ಬಾಗಿಲು ತೆರೆಯುವುದು. ಒಂದೆರಡು ಹೆಜ್ಜೆಗಳ ಅಂತರವನ್ನು ಕ್ಷಮಿಸುವುದುಂಟು, ಹೆಚ್ಚನ್ನಲ್ಲ.

ಸ್ವಾರಸ್ಯವೆಂದರೆ, ನೋಡಲು ಸರಿಯಾಗಿಯೇ ಕಾಣುವ ಗಡಿಯಾರವೂ ತಪ್ಪಾಗಿರಬಲ್ಲದು. ಫೋನಿನಲ್ಲಿ ಕಾಲವಲಯ ಗ್ರೀನಿಚ್‌ನದಾಗಿದ್ದು, ಕೈಯಿಂದ ಬೆಳಗಿನ 10 ಗಂಟೆಗೆ ತಿರುಗಿಸಿಟ್ಟರೆ, ಫಲಕದಲ್ಲಿ ನಮ್ಮ 10 ಗಂಟೆಯೇ ಕಾಣುತ್ತದೆ. ಆದರೆ ಆಗ ಗ್ರೀನಿಚ್‌ನಲ್ಲಿ ನಸುಕಿನ ನಾಲ್ಕೂವರೆ. ಐದೂವರೆ ಗಂಟೆ, ಎಂದರೆ 660 ಅರೆನಿಮಿಷಗಳ ವ್ಯತ್ಯಾಸ! ಎಷ್ಟು ಸಲ ಒತ್ತಿದರೂ ಆ ಸಂಖ್ಯೆ ಹೊಂದದು.

ಕಛೇರಿಯ ಗಣಕಯಂತ್ರದ್ದು ಇನ್ನೊಂದು ಕಥೆ. ವಿದ್ಯುತ್ತು ಹೋದಾಗಲೂ ಅದರ ಗಡಿಯಾರವನ್ನು ನಡೆಸುವುದು ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ. ಅದು ಸತ್ತಿದ್ದರೆ, ಆಟಿಯ ಮಳೆಯಲ್ಲಿ ಮರ ಬಿದ್ದು ತಂತಿ ಹರಿದು ಮತ್ತೆ ವಿದ್ಯುತ್ತು ಬರುವಷ್ಟರಲ್ಲಿ ಯಂತ್ರವು ಹತ್ತು ವರ್ಷ ಹಿಂದಕ್ಕೆ ಹೋಗಿರಬಹುದು. ಮೇಘದ ಸರ್ವರು ತನ್ನ ಗುರುತಿಗಾಗಿ ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ದಿನಾಂಕವೊಂದುಂಟು. ಹತ್ತು ವರ್ಷ ಹಿಂದಿರುವ ಯಂತ್ರಕ್ಕೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ; ಪಾಸ್‌ವರ್ಡು ಕೇಳುವ ಪುಟವನ್ನೇ ಅದು ತೋರಿಸದು. ದಿನಾಂಕವನ್ನು ತಿದ್ದಿದರೆ ಪುಟ ಒಡನೆಯೇ ಬರುವುದು. ಬ್ಯಾಟರಿಯನ್ನು ಬದಲಿಸದಿದ್ದರೆ ಮಾತ್ರ, ಮುಂದಿನ ಗಾಳಿಮಳೆಗೆ ಮತ್ತೆ ಅದೇ ಕಥೆ.