ಇಂಪ್ಯಾಕ್ಟ್ ಗನ್ನಿನ ಸಾಕೆಟ್ಟು: ಒಂದನ್ನೇ ಬಿಡಿಯಾಗಿ ಕೊಳ್ಳುವ ಬಗೆ

ಮುಂಗಾರಿನ ಹದಮಳೆ ಬಿದ್ದು, ಗ್ರಾಮದ ಟ್ರ್ಯಾಕ್ಟರು ಹಗಲಿರುಳೆನ್ನದೆ ಹೊಲದಲ್ಲಿರತಕ್ಕ ಕಾಲದಲ್ಲಿಯೇ ಹಿಂದಿನ ಗಾಲಿಯ ಟೈರು ಕೆಡುವುದುಂಟು. ಗಾಲಿಯನ್ನು ಕಳಚಲು ಹೊರಟರೆ ನಟ್ಟಿಗೆ ಒಪ್ಪುವ ಸಾಕೆಟ್ಟು ಕಾಣೆಯಾಗಿರುವುದು, ಇಲ್ಲವೆ ಸೀಳುಬಿಟ್ಟಿರುವುದು. ಪೆಟ್ಟಿಗೆಯಲ್ಲಿ ಹತ್ತು ಸಾಕೆಟ್ಟುಗಳಿದ್ದರೂ ನಿತ್ಯವೂ ದುಡಿದು ಸವೆಯತಕ್ಕವು ಎರಡು ಮೂರು ಮಾತ್ರ. ಆಗ ಕೆಲವು ಯಜಮಾನರು ಅಂಗಡಿಯವನ ಮಾತನ್ನು ನಂಬಿ ಪೂರ್ತಿ ಸೆಟ್ಟನ್ನೇ ಕೊಳ್ಳುತ್ತಾರೆ. ಮತ್ತೆ ಕೆಲವರು ಮನೆಯಲ್ಲಿರುವ, ಕೈಯಿಂದ ತಿರುಗಿಸತಕ್ಕ ಹೊಳಪಿನ ಸಾಕೆಟ್ಟನ್ನೇ ಗನ್ನಿಗೆ ಸಿಕ್ಕಿಸಿ ಕೆಲಸ ಸಾಗಿಸುತ್ತಾರೆ. ಮೊದಲನೆಯದು ದುಂದುವೆಚ್ಚ, ಎರಡನೆಯದು ಕಣ್ಣನ್ನೇ ಕಳೆಯಬಲ್ಲ ಸಾಹಸ.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಗಾಳಿಯಿಂದಲೋ ಬ್ಯಾಟರಿಯಿಂದಲೋ ನಡೆಯುವ ಇಂಪ್ಯಾಕ್ಟ್ ಗನ್ನು ನಟ್ಟನ್ನು ಒಂದೇ ಸಮನೆ ತಿರುಗಿಸುವುದಿಲ್ಲ. ಅದರೊಳಗಿರುವ ಸುತ್ತಿಗೆಯು ಸುತ್ತುತ್ತಾ ಮೂತಿಗೆ ಎಡೆಬಿಡದೆ ಹೊಡೆಯುತ್ತದೆ. ಆ ಏಟುಗಳಿಂದಲೇ ತುಕ್ಕು ಹಿಡಿದ ನಟ್ಟು ಸಡಿಲುವುದು. ಕೈಸಾಕೆಟ್ಟುಗಳನ್ನು ಹೆಚ್ಚಾಗಿ ಕ್ರೋಮ್-ವನೇಡಿಯಂ ಉಕ್ಕಿನಿಂದ ಮಾಡಿ, ಗಡುಸಾಗಿ ಹದಗೊಳಿಸಿ, ಮೇಲೆ ಕ್ರೋಮಿನ ಲೇಪವನ್ನು ಕೊಟ್ಟಿರುತ್ತಾರೆ. ಕೈಬಲಕ್ಕೆ ಇದು ಸರಿಯೇ. ಗನ್ನಿನ ಏಟಿಗೆ ಸಿಕ್ಕಿದರೆ ಲೇಪವು ಚಕ್ಕೆಚಕ್ಕೆಯಾಗಿ ಎದ್ದು ಬರುವುದು, ಗೋಡೆಯು ಸೀಳುವುದು, ಚೂರುಗಳು ಸಿಡಿಯುವುವು. ಇಂಪ್ಯಾಕ್ಟ್ ಸಾಕೆಟ್ಟುಗಳಾದರೋ ಸಾಮಾನ್ಯವಾಗಿ ಕ್ರೋಮ್-ಮಾಲಿಬ್ಡಿನಂ ಉಕ್ಕಿನವು. ಗೋಡೆ ದಪ್ಪ, ಬಣ್ಣ ಕಪ್ಪು, ಏಟನ್ನು ತಾಳಿಕೊಳ್ಳುವಷ್ಟು ಮೆದುಹದ. ಆದರೆ ಬಣ್ಣವೊಂದನ್ನೇ ನಂಬತಕ್ಕದ್ದಲ್ಲ. ಕೈಸಾಕೆಟ್ಟುಗಳಲ್ಲಿಯೂ ಕಪ್ಪಾದವು ಮಾರಾಟಕ್ಕೆ ಬರುತ್ತವೆ. ಸಾಕೆಟ್ಟಿನ ಮೈಮೇಲೆ ತಯಾರಕರ ಗುರುತೂ ಅಳತೆಯೂ ಅಚ್ಚಾಗಿದೆಯೇ ಎಂದು ನೋಡಿ, ಅದು ಇಂಪ್ಯಾಕ್ಟ್ ದರ್ಜೆಯದೆಂಬುದನ್ನು ತಯಾರಕರ ಪಟ್ಟಿಯಿಂದ ಖಚಿತಪಡಿಸಿಕೊಳ್ಳಬೇಕು.

ಬಿಡಿಯಾಗಿ ಕೊಳ್ಳುವವರು ಮೂರು ಅಳತೆಗಳನ್ನು ಬರೆದುಕೊಂಡು ಹೋಗಬೇಕು. ಒಡೆದ ಸಾಕೆಟ್ಟು ಇದ್ದರೆ ಅದನ್ನೂ ಚೀಲದಲ್ಲಿ ಹಾಕಿಕೊಳ್ಳುವುದು ಲೇಸು. ಗನ್ನಿನ ಚೌಕಮೂತಿಯ ಅಳತೆ ಮೊದಲನೆಯದು. ಅರ್ಧ ಇಂಚು, ಮುಕ್ಕಾಲು ಇಂಚು, ಒಂದು ಇಂಚು ಎಂಬ ಮೂರು ಬಗೆಗಳು ಗಾಲಿಯ ಕೆಲಸದಲ್ಲಿ ಬಳಕೆಯಲ್ಲಿವೆ. ಇವು ಕ್ರಮವಾಗಿ 12.7, 19 ಮತ್ತು 25.4 ಮಿಲಿಮೀಟರುಗಳು. ಒಂದನ್ನು ಮತ್ತೊಂದಕ್ಕೆ ಹೊಂದಿಸುವ ಅಡಾಪ್ಟರುಗಳೂ ದೊರೆಯುತ್ತವೆ. ಅವುಗಳನ್ನು ಬಳಸುವುದಾದರೆ ಅವೂ, ನಡುವೆ ಸೇರಿಸುವ ಉದ್ದದ ಸರಳೂ ಇಂಪ್ಯಾಕ್ಟ್ ದರ್ಜೆಯವೇ ಆಗಿರಬೇಕು.

ಎರಡನೆಯದು ನಟ್ಟಿನ ಎದುರು ಬದುರಿನ ಚಪ್ಪಟೆ ಮುಖಗಳ ನಡುವಣ ಅಂತರ. ಇಲ್ಲಿಯೇ ಹೆಚ್ಚಿನ ತಪ್ಪುಗಳಾಗುವುವು. ಹಳೆಯ ಟ್ರ್ಯಾಕ್ಟರುಗಳಲ್ಲಿ ಇಂಚಿನ ಲೆಕ್ಕದ ನಟ್ಟುಗಳಿರಬಹುದು. 15/16 ಇಂಚಿನ ನಟ್ಟು 23.8 ಮಿಲಿಮೀಟರಾದುದರಿಂದ 24ರ ಸಾಕೆಟ್ಟು ಹೆಚ್ಚುಕಡಿಮೆ ಒಪ್ಪುವುದು. 7/8 ಇಂಚಿನದು 22.2, ಅದಕ್ಕೆ 22ರದು ಹೋಗದಿರಬಹುದು, 24ರದು ಸಡಿಲ. ಸಡಿಲವಾದುದನ್ನು ಗನ್ನಿಗೆ ಹಾಕಿದರೆ ನಟ್ಟಿನ ಮೂಲೆಗಳು ಸವೆದು ಗುಂಡಾಗಿ, ಆಮೇಲೆ ಉಳಿಯೇ ಗತಿಯಾಗುವುದು. ಆದಕಾರಣ ವರ್ನಿಯರಿನಿಂದ ಅಳೆಯಬೇಕು. ಆರು ಮೂಲೆಯ ಸಾಕೆಟ್ಟನ್ನೇ ಕೇಳಬೇಕು; ಹನ್ನೆರಡು ಮೂಲೆಯದು ನಟ್ಟನ್ನು ಮೂಲೆಯ ಹತ್ತಿರ ಹಿಡಿಯುವುದರಿಂದ ಬೇಗನೆ ಜಾರುವುದು. ಮೂರನೆಯದಾದ ಆಳದ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪವೇ: ಬೋಲ್ಟಿನ ತುದಿ ನಟ್ಟಿನಾಚೆಗೆ ಬಹಳ ಚಾಚಿದ್ದರೆ ಆಳದ ಸಾಕೆಟ್ಟು ಬೇಕು.

ಇನ್ನು ದೊರೆಯುವ ಸ್ಥಳಗಳು. ತಾಲ್ಲೂಕು ಕೇಂದ್ರದ ಸಾಮಾನ್ಯ ಕಬ್ಬಿಣದ ಅಂಗಡಿಯಲ್ಲಿ ಸೆಟ್ಟುಗಳೇ ಕಾಣಸಿಗುವುದು ಹೆಚ್ಚು. ಲಾರಿ ಟೈರು ಕೆಲಸದವರು ನಿತ್ಯವೂ ಸಾಕೆಟ್ಟುಗಳನ್ನು ಸವೆಸುವವರು. ಅವರು ಎಲ್ಲಿ ಕೊಳ್ಳುತ್ತಾರೆಂದು ವಿಚಾರಿಸುವುದೇ ಹತ್ತಿರದ ದಾರಿ. ಬೆಂಗಳೂರಿನಲ್ಲಿ ಎಸ್.ಜೆ.ಪಿ. ರಸ್ತೆಯು ಉಪಕರಣಗಳ ಅಂಗಡಿಗಳಿಗೂ, ಜೆ.ಸಿ. ರಸ್ತೆಯು ವಾಹನದ ಬಿಡಿಭಾಗಗಳಿಗೂ ಹೆಸರಾದವು. ನಮ್ಮ ದೇಶದಲ್ಲಿ ಕೈಉಪಕರಣಗಳ ತಯಾರಿಕೆಗೆ ಪಂಜಾಬಿನ ಜಲಂಧರ, ಲುಧಿಯಾನಾಗಳು ಪ್ರಸಿದ್ಧವಾಗಿವೆ. ತಯಾರಕರ ಪಟ್ಟಿಯಲ್ಲಿ ಅಳತೆಗೊಂದರಂತೆ ಸಂಖ್ಯೆಯಿರುವುದಾದರೆ, ಆ ಸಂಖ್ಯೆಯನ್ನು ಹೇಳಿ ಮಾರಾಟಗಾರನಿಂದ ಒಂದನ್ನೇ ತರಿಸಬಹುದು. “ಸೆಟ್ಟೇ ಕೊಳ್ಳಬೇಕು” ಎನ್ನುವವನಿಗೆ ಈ ಸಂಖ್ಯೆಯೇ ತಕ್ಕ ಉತ್ತರ. ಅಂತರ್ಜಾಲದ ಮೂಲಕ ತರಿಸುವವರು ಚಿತ್ರವನ್ನು ನೋಡಿ ಮರುಳಾಗದೆ, ಚೌಕದ ಅಳತೆಯನ್ನೂ ಇಂಪ್ಯಾಕ್ಟ್ ದರ್ಜೆಯನ್ನೂ ಓದಿ ಹಣ ಕಟ್ಟಬೇಕು.

ಗುಜರಿಯ ಸಾಕೆಟ್ಟು ಅಗ್ಗವೇ ಹೌದು, ಆದರೆ ಕಣ್ಣಿಗೆ ಕಾಣದ ಬಿರುಕು ಅದರಲ್ಲಿರಬಹುದು. ಮಡಕೆಯನ್ನು ತಟ್ಟಿ ನೋಡುವಂತೆ ದಾರಕ್ಕೆ ತೂಗಹಾಕಿ ತಟ್ಟಿದರೆ ಒಡಕುದನಿ ಬರುವುದುಂಟು. ದನಿ ಚೆನ್ನಾಗಿದ್ದ ಮಾತ್ರಕ್ಕೆ ಸಾಕೆಟ್ಟು ಗಟ್ಟಿಯೆಂದು ತಿಳಿಯಕೂಡದು.

ಗ್ರಾಮದಲ್ಲಿ ಹಲವು ಟ್ರ್ಯಾಕ್ಟರುಗಳಿರುವೆಡೆ ಮುಖಂಡರು ಯಜಮಾನರನ್ನು ಒಂದುಗೂಡಿಸಿ, ಎಲ್ಲರ ಗಾಲಿನಟ್ಟುಗಳ ಅಳತೆಯನ್ನು ಬರೆಯಿಸಿ, ಹೆಚ್ಚು ಬಳಕೆಯ ಒಂದೆರಡು ಸಾಕೆಟ್ಟುಗಳನ್ನು ಸಹಕಾರ ಸಂಘದಲ್ಲಾಗಲಿ ಬಾಡಿಗೆ ಯಂತ್ರಗಳ ಕೇಂದ್ರದಲ್ಲಾಗಲಿ ಇರಿಸತಕ್ಕದ್ದು. ಕೊಳ್ಳುವಾಗ, ಮುಕ್ಕಾಲು ಇಂಚು ಮತ್ತು ಅದಕ್ಕೂ ದೊಡ್ಡ ಸಾಕೆಟ್ಟುಗಳನ್ನು ಗನ್ನಿನ ಮೂತಿಗೆ ಬಿಗಿಯುವ ಮೊಳೆಯನ್ನೂ ರಬ್ಬರಿನ ಉಂಗುರವನ್ನೂ ಜೊತೆಯಲ್ಲಿಯೇ ಕೇಳಿ ತರಬೇಕು.